ಎಂಬಿಎ ಈಗಲೇ ಬೇಕೆ?

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರ್, ಪೀಣ್ಯದಲ್ಲಿ ಎರಡು ವರ್ಷದ ಅನುಭವ. ಅಮೆರಿಕದಲ್ಲಿ ಎಂಬಿಎ ಮಾಡಲೇ, ಎಂಎಸ್ ಮಾಡಲೇ? ಸೈಟು ಅಡವಿಟ್ಟು ಸಾಲ ಕೊಡಿಸಲು ಅಪ್ಪ ಸಿದ್ಧ.

ಉತ್ತರ: ಈಗ ಎಂಎಸ್. ಅಲ್ಲಿನ ಒಳ್ಳೆಯ ಬಿಸಿನೆಸ್ ಸ್ಕೂಲುಗಳಲ್ಲಿ ಸಹಪಾಠಿಗಳ ಅನುಭವ ಸರಾಸರಿ ಐದು ವರ್ಷದಷ್ಟಿರುತ್ತದೆ. ಎರಡೇ ವರ್ಷದವರನ್ನು ಕರೆದು ಸೀಟು ಕೊಡುವ ಕಾಲೇಜಿಗೆ ಬೇಕಾಗಿರುವುದು ಹೆಚ್ಚಾಗಿ ನಿಮ್ಮ ಫೀಸು.

ವೀಸಾ ಲೆಕ್ಕವೂ ಇದೆ. ಎಫ್-1 ವಿದ್ಯಾರ್ಥಿಗೆ ಪದವಿಯ ನಂತರ ಅಲ್ಲೇ ಕೆಲಸ ಮಾಡಲು 12 ತಿಂಗಳ ಅನುಮತಿ (ಓಪಿಟಿ). ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಕೆಲವು ಎಂಬಿಎಗಳೂ ಈ ಪಟ್ಟಿಯಲ್ಲಿವೆ, ಆದರೆ ಏಜೆಂಟರ ಬಾಯಿಮಾತು ಸಾಲದು: ಕೋರ್ಸು ಯಾವ ವರ್ಗಕ್ಕೆ ಸೇರಿದೆ ಎಂದು ತೋರಿಸುವ ಸಿಐಪಿ ಕೋಡನ್ನು ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿ. (ಉಚಿತ ಸಲಹೆ ಕೊಡುವ ಎಷ್ಟೋ ಏಜೆಂಟರಿಗೆ ಕಮಿಷನ್ ಕಾಲೇಜಿನಿಂದ ಬರುತ್ತದೆ.) ಆಡಳಿತದತ್ತ ಒಲವು ನಿಜವಾಗಿದ್ದರೆ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ನೋಡಿ.

ಸೈಟು ಅಡವಿಡುವ ಮುನ್ನ ಜರ್ಮನಿಯನ್ನೂ ಲೆಕ್ಕಹಾಕಿ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾಂತ್ರಿಕ ಎಂಎಸ್‌ಗೆ ಬೋಧನಾ ಶುಲ್ಕವಿಲ್ಲ. ನಿಮ್ಮ ಪದವಿ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಮತ್ತು ಜೀವನವೆಚ್ಚದ ಠೇವಣಿ ಬೇಕು. ಸಾಲ ಮಾಡುವುದೇ ಆದರೆ, ಶಿಕ್ಷಣಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಸಾಲಪತ್ರಕ್ಕೆ ಅಪ್ಪ ಸಹಿ ಹಾಕುವ ಮೊದಲೇ ಚಾರ್ಟರ್ಡ್ ಅಕೌಂಟೆಂಟರನ್ನು ಕಾಣಿ.