ಕತ್ತಿ ಹರಿತ, ಕತೆ ಮೊಂಡು

2013ರ ‘ಮೆಟಲ್ ಗಿಯರ್ ರೈಸಿಂಗ್: ರಿವೆಂಜೆನ್ಸ್’ ಒಂದು ಸ್ಟೆಲ್ತ್ ಸರಣಿಯಿಂದ ಕವಲೊಡೆದ ಕತ್ತಿಯಾಟ. ಪ್ಲಾಟಿನಂ ಗೇಮ್ಸ್ ಇದರಲ್ಲಿ ಏಟು ತಡೆಯೋಕೆ ಅಂತ ಬೇರೆ ಬಟನ್ ಇಟ್ಟಿಲ್ಲ. ಶತ್ರುವಿನ ಕಡೆಗೇ ಸ್ಟಿಕ್ ತಳ್ಳಿ, ಸರಿಯಾದ ಹೊತ್ತಿಗೆ ಹೊಡೆದರೆ ಅದೇ ರಕ್ಷಣೆ. ನಾಯಕ ರೈಡನ್ ಎಂಥವನು ಅನ್ನೋದನ್ನ ನಮ್ಮ ಬೆರಳುಗಳೇ ಕಲಿತುಬಿಡುತ್ತವೆ.

ಕತೆ ಮಾತ್ರ ಎಡವುತ್ತೆ. ‘ಮೆಟಲ್ ಗಿಯರ್ ಸಾಲಿಡ್ 4’ರ ಕೊನೆಯಲ್ಲಿ ಹೆಂಡತಿ, ಮಗನನ್ನ ಸೇರಿದ್ದ ರೈಡನ್ ಮತ್ತೆ ಕತ್ತಿ ಹಿಡಿದದ್ದು ಯಾಕೆ? ಅದು ಬರೀ ಮಾತಲ್ಲೇ ತೇಲಿಹೋಗುತ್ತೆ. ಮುಖ್ಯ ಖಳ ಸೆನೆಟರ್ ಆರ್ಮ್‌ಸ್ಟ್ರಾಂಗ್ ಎದುರಾಗೋದು ಆಟ ಮುಗಿಯೋ ಹೊತ್ತಿಗೆ. ಅವನ ಸಿದ್ಧಾಂತವೆಲ್ಲ ಹೊಡೆದಾಟದ ನಡುವೆ ಭಾಷಣವಾಗಿ ಸುರಿಯುತ್ತೆ.

ಗೇಮ್ ಕಟ್ಟಬೇಕು ಅನ್ನೋರಿಗೆ ಇಲ್ಲಿ ಎರಡು ಪಾಠ: ನಾಯಕನ ಸ್ವಭಾವವನ್ನ ಆಟದ ನಿಯಮದಲ್ಲೇ ಇಡಿ, ಅವನ ಎದುರಾಳಿಯನ್ನ ಕೊನೆಯವರೆಗೂ ಬಚ್ಚಿಡಬೇಡಿ.