ಪಾಠ 9: ಓದಿ, ಆಮೇಲೆ ಸಹಿ ಹಾಕಿ

ರತ್ನ ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸದವಳು. ಟೈಲರ್. ಸೇರಿ ಆರು ವರ್ಷ ತುಂಬಿದೆ.

ಒಂದು ದಿನ ಸೂಪರ್‌ವೈಸರ್ ಕರೆದರು.

"ಆರ್ಡರ್ ಇಲ್ಲಮ್ಮ. ನಾಳೆಯಿಂದ ಬರಬೇಡ. ಈ ಕಾಗದಕ್ಕೆ ಸೈನ್ ಹಾಕು. ಲೆಕ್ಕ ಚುಕ್ತಾ ಮಾಡ್ತೀವಿ" ಎಂದರು.

ಹೋದ ವರ್ಷವಾಗಿದ್ದರೆ ರತ್ನ ಹೆಬ್ಬೆಟ್ಟು ಒತ್ತುತ್ತಿದ್ದಳು. ಈಗ ಅವಳಿಗೆ ಓದು ಬರುತ್ತದೆ. ಅಕ್ಷರ ಕೂಡಿಸಿ ಓದಿದಳು. "ನಾನು ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ" ಎಂದಿತ್ತು.

"ಸಾರ್, ಬರಬೇಡ ಅಂದೋರು ನೀವು. ನಾನೇ ಬಿಡ್ತೀನಿ ಅಂತ ಯಾಕೆ ಬರೆದಿದೆ?"

ರತ್ನ ಸಹಿ ಹಾಕಲಿಲ್ಲ. ಸಂಜೆ ಯೂನಿಯನ್ನಿನ ಜಯಮ್ಮನ ಮನೆಗೆ ಹೋದಳು.

"ಒಳ್ಳೇದು ಮಾಡಿದೆ ಕಣೇ" ಎಂದಳು ಜಯಮ್ಮ. "ಕೆಲಸ ಇಲ್ಲ ಅಂತ ಅವರು ತೆಗೆದರೆ ಒಂದು ತಿಂಗಳು ಮೊದಲೇ ನೋಟೀಸ್ ಕೊಡಬೇಕು. ಇಲ್ಲ, ಒಂದು ತಿಂಗಳ ಸಂಬಳ ಕೊಡಬೇಕು. ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸಂಬಳ ಪರಿಹಾರ ಕೊಡಬೇಕು. ಒಂದು ವರ್ಷ ದುಡಿದೋರಿಗೆಲ್ಲ ಈ ಹಕ್ಕಿದೆ. ನೀನೇ ಬಿಟ್ಟೆ ಅಂತ ಬರೆದುಕೊಟ್ಟರೆ ಇದು ಸಿಗಲ್ಲ."

"ಇ.ಎಸ್.ಐ.ನಲ್ಲೂ ಏನೋ ಕೊಡ್ತಾರಂತಲ್ಲಕ್ಕಾ?"

"2018ರಲ್ಲಿ ಒಂದು ಯೋಜನೆ ತಂದರು. ಕೆಲಸ ಹೋದೋರಿಗೆ ಹೆಚ್ಚೆಂದರೆ 90 ದಿನ ಭತ್ಯೆ. ಸ್ವಂತ ಇಚ್ಛೆಯಿಂದ ನಿವೃತ್ತಿ ಆದೋರಿಗೆ ಇಲ್ಲ ಅಂತ ಅದರಲ್ಲೂ ನಿಯಮ ಇಟ್ಟರು. ಈಗ ಹೇಗಿದೆ ಅಂತ ಇ.ಎಸ್.ಐ. ಆಫೀಸಿನಲ್ಲೇ ಕೇಳೋಣ."

"ನಾನೇ ಬಿಟ್ಟಿದ್ದರೆ ಏನೂ ಸಿಗ್ತಿರಲಿಲ್ಲವಾ?"

"ಹಾಗಲ್ಲ. ಪಿ.ಎಫ್. ನಿನ್ನ ದುಡ್ಡು. ಬಿಟ್ಟರೂ ನಿನ್ನದೇ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಯಿಟಿನೂ ಉಂಟು."

ಇಬ್ಬರೂ ಲೆಕ್ಕ ಹಾಕಿದರು. ರತ್ನಳ ಮೂಲ ವೇತನ, ಡಿ.ಎ. ಸೇರಿ ತಿಂಗಳಿಗೆ 13,000 ರೂಪಾಯಿ. ಗ್ರಾಚ್ಯುಯಿಟಿಗೆ ತಿಂಗಳೆಂದರೆ 26 ದಿನ. 26ರಿಂದ ಭಾಗಿಸಿದರೆ ದಿನಕ್ಕೆ 500. 15 ದಿನಕ್ಕೆ 7,500. ಆರು ವರ್ಷಕ್ಕೆ 45,000 ರೂಪಾಯಿ!

ಮಾರನೇ ದಿನ ರತ್ನ ತಾನೇ ಅರ್ಜಿ ಬರೆದಳು. "ನಾನು ಕೆಲಸ ಬಿಟ್ಟಿಲ್ಲ. ನೀವು ತೆಗೆದಿದ್ದೀರಿ. ನನಗೆ ಬರಬೇಕಾದ್ದನ್ನು ಕೊಡಿ." ಅದರ ನಕಲು ಇಟ್ಟುಕೊಂಡಳು. ಕಂಪನಿ ಒಪ್ಪದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಲು ಜಯಮ್ಮ ಜೊತೆಗೆ ಬರುತ್ತಾಳೆ.

ನೆನಪಿಡಿ
* ಓದದೆ ಸಹಿ ಹಾಕಬೇಡಿ. ಖಾಲಿ ಕಾಗದಕ್ಕಂತೂ ಬೇಡವೇ ಬೇಡ.
* ನೇಮಕದ ಪತ್ರ, ಸಂಬಳದ ಚೀಟಿ, ಇ.ಎಸ್.ಐ. ಕಾರ್ಡು ಜೋಪಾನ.
* ಕೆಲಸ ಬಿಡುವ ಮುಂಚೆ ಐದು ವರ್ಷ ತುಂಬಿದೆಯೇ, ನೋಡಿಕೊಳ್ಳಿ.

ಮಾತಾಡೋಣ
1. ರತ್ನ ಯಾಕೆ ಸಹಿ ಹಾಕಲಿಲ್ಲ?
2. ನಿಮ್ಮ ಸಂಬಳಕ್ಕೆ ಗ್ರಾಚ್ಯುಯಿಟಿ ಎಷ್ಟಾಗುತ್ತದೆ? ಲೆಕ್ಕ ಹಾಕಿ.