ನಾಯಿ ಇರುವ ಮನೆಗೆ ಎಂಥ ಗಿಡ?

ಹೊಲ-ಮನೆ ಕಾಯೋಕೆ ನಾಯಿ ಬೇಕೇ ಬೇಕು. ಆದ್ದರಿಂದ ಅಂಗಳದ ಗಿಡವನ್ನೂ ನೋಡಿ ನೆಡಬೇಕು.

ಕಣಗಿಲೆ: ನೀರಿಲ್ಲದಿದ್ದರೂ ಬದುಕುತ್ತೆ, ದನ ಬಾಯಿ ಹಾಕಲ್ಲ ಅಂತ ಬೇಲಿಗೆ ಹಾಕ್ತೀವಿ. ಇದರ ಎಲೆ, ಹೂವು, ಕಡ್ಡಿ ಎಲ್ಲಾ ವಿಷ. ಒಣಗಿದರೂ ವಿಷ ಹೋಗಲ್ಲ, ನೇರ ಹೃದಯಕ್ಕೇ ಪೆಟ್ಟು. ಮರಿನಾಯಿಗೆ ಸಿಕ್ಕಿದ್ದನ್ನೆಲ್ಲ ಕಡಿಯೋ ಚಾಳಿ. ಸವರಿದ ಕಡ್ಡಿ ಅಂಗಳದಲ್ಲಿ ಬಿಡಬೇಡಿ.

ಹರಳು: ಬೀಜದಲ್ಲಿ ರೈಸಿನ್ ಎಂಬ ವಿಷ ಇದೆ. ಇಡೀ ನುಂಗಿದ್ದಕ್ಕಿಂತ ಅಗಿದು ತಿಂದದ್ದು ಹೆಚ್ಚು ಅಪಾಯ. ಗಾಣದಲ್ಲಿ ಎಣ್ಣೆಗೆ ಈ ವಿಷ ಬರಲ್ಲ, ಹಿಂಡಿಯಲ್ಲೇ ಉಳಿಯುತ್ತೆ. ಗೊಬ್ಬರಕ್ಕೆ ಹಾಕಿದ ಹಿಂಡಿಯನ್ನ ನಾಯಿ ವಾಸನೆ ಹಿಡಿದು ಕೆದಕಿ ತಿನ್ನುತ್ತೆ. ಹಾಗಂತ ಹರಳು ಬೆಳೆಯೋದು ಬಿಡಬೇಕಿಲ್ಲ, ಹೊಲದ ಅಂಚಿನಲ್ಲಿರಲಿ. ಕಾಯಿ ಒಣ ಹಾಕಿದಾಗ ನಾಯಿ ಕಟ್ಟಿ. ಹಿಂಡಿ ಚೀಲ ಅಟ್ಟದ ಮೇಲಿಡಿ. ಮನೆ ಹತ್ತಿರದ ಗಿಡಕ್ಕೆ ಕೊಟ್ಟಿಗೆ ಗೊಬ್ಬರವೇ ಸಾಕು.

ಮಲ್ಲಿಗೆ, ಗುಲಾಬಿ, ತುಳಸಿ ನಿಶ್ಚಿಂತೆಯಿಂದ ಹಾಕಬಹುದು.

ತಿಂದುಬಿಟ್ಟರೆ: ವಾಂತಿ, ಭೇದಿ, ಸುಸ್ತು ಕಾಣುತ್ತೆ. ಹರಳಿನ ವಿಷ ಒಮ್ಮೊಮ್ಮೆ 1-2 ದಿನ ತಡೆದು ಗೊತ್ತಾಗುತ್ತೆ. ಅದಕ್ಕೆ ಪ್ರತಿವಿಷ ಇಲ್ಲ. ನಾಯಿ ಚೆನ್ನಾಗಿಯೇ ಇದೆಯಲ್ಲ ಅಂತ ಕಾಯಬೇಡಿ. ಉಪ್ಪುನೀರು ಕುಡಿಸಬೇಡಿ. ತಿಂದ ಸೊಪ್ಪು, ಬೀಜದ ಸಮೇತ ಕೂಡಲೇ ಪಶುವೈದ್ಯರ ಹತ್ತಿರ ಒಯ್ಯಿರಿ.